12 ನಿಮಿಷದ ಪದಬಂಧ, 30 ವರ್ಷದ ಮೌನ

ಹೋದ ರವಿವಾರ ಮಧ್ಯಾಹ್ನ ಊಟ ಆಗಿ, ಮುಸುರಿ ತಿಕ್ಕಿ ಡಬ್ಬು ಹಾಕಿ, ಪಡಸಾಲ್ಯಾಗ ಇಂಗ್ಲಿಷ್ ಪೇಪರ್ ಹರವಿಕೊಂಡು ಕೂತಿದ್ದೆ. ಅದರಾಗ ಬರ್ತದಲ್ಲ ಗೂಢ ಪದಬಂಧ, ಕ್ರಿಪ್ಟಿಕ್ ಕ್ರಾಸ್‌ವರ್ಡ್ ಅಂತಾರ, ಅದನ್ನ ಬಿಡಿಸ್ಲಿಕ್ಕೆ ಹತ್ತಿದ್ದೆ. ಎರಡು ತಾಸಾಗಿತ್ತು. ಇನ್ನೊಂದ ಶಬ್ದ ಉಳಿದಿತ್ತು. ನಮ್ಮ ವೈನಿ ಬಂದು ಬಾಜೂಕ ಕೂತು, "ಏನವಾ, ತಾಸಗಟ್ಟಲೆ ಅದರಾಗ ಏನ ಹುಡುಕ್ತಿ? ಅದರಿಂದ ಒಂದು ಪಾವು ಸಕ್ಕರಿ ಬರ್ತದೇನು?" ಅಂದ್ರು.

ಆಗ ನಾ ಏನೂ ಅನ್ಲಿಲ್ಲ. ನಕ್ಕು, ಎದ್ದು ಚಹಾಕ್ಕ ಇಟ್ಟೆ. ಆದ್ರ ಆ ಮಾತು ತಲ್ಯಾಗ ಉಳೀತು. ಯಾಕಂದ್ರ ಇದೇ ಪ್ರಶ್ನೆಕ್ಕ ಒಮ್ಮೆ ಒಂದು ದೊಡ್ಡ ದೇಶ ಉತ್ತರ ಕೊಟ್ಟದ, ಅದೂ ಯುದ್ಧದ ನಡುವ. ಆ ಕಥಿ ಇವತ್ತ ಹೇಳ್ತೀನಿ. ವೈನಿ, ನೀವೂ ಓದ್ರಿ, ನೀವೆಲ್ಲಾರೂ ಓದ್ರಿ.

ಮೊದಲ ಈ ಗೂಢ ಪದಬಂಧ ಅಂದ್ರ ಏನು ಅನ್ನೋದನ್ನ ಹೇಳ್ಬೇಕು. ನಮ್ಮ ಕನ್ನಡ ಪತ್ರಿಕಿ ಒಳಗ ಬರೋ ಸಾದಾ ಪದಬಂಧ ನಿಮಗೆಲ್ಲಾ ಗೊತ್ತದ. 'ಸಮುದ್ರ, 3 ಅಕ್ಷರ' ಅಂತ ಕೇಳ್ತಾರ. ಸಾಗರ ಇರಬಹುದು, ಜಲಧಿ ಇರಬಹುದು, ಶರಧಿ ಇರಬಹುದು. ಅಡ್ಡ ಬರೋ ಶಬ್ದದ ಒಂದು ಅಕ್ಷರ ಸಿಕ್ಕಿತಂದ್ರ ಯಾವುದು ಅನ್ನೋದು ತಾನ ಗೊತ್ತಾಗ್ತದ. ಗೂಢ ಪದಬಂಧದಾಗ ಹಂಗ ಕೇಳೂದಿಲ್ಲ. ಕನ್ನಡದಾಗ ನಾನ ಒಂದೆರಡು ಮಾಡಿ ತೋರಿಸ್ತೀನಿ ನೋಡ್ರಿ.

'ಸರಸಮ್ಮನ ಹೊಟ್ಟ್ಯಾಗ ಹಣ್ಣು ಹಿಂಡಿದ್ದು (2)'.

ಓದಿದ ಕೂಡಲೆ ನಮ್ಮ ಮನಸ್ಸು ಎಲ್ಲಿ ಹೋಗ್ತದ? ಸರಸಮ್ಮ ಬಸುರಿ, ಬಯಕಿ ಆಗ್ಯದ, ಯಾರೋ ಮೋಸಂಬಿ ಹಿಂಡಿ ಕೊಟ್ಟಾರ ಅಂತ. ಅಲ್ಲೇ ನಾವು ಹಳ್ಳಕ್ಕ ಬೀಳ್ತೀವಿ. ಸರಸಮ್ಮ ಅನ್ನೋ ಹೆಂಗಸನ್ನ ಬಿಟ್ಟು 'ಸರಸಮ್ಮ' ಅನ್ನೋ ನಾಕು ಅಕ್ಷರಾನ ಅಷ್ಟ ನೋಡ್ರಿ: ಸ, ರ, ಸ, ಮ್ಮ. ಹೊಟ್ಟ್ಯಾಗ, ಅಂದ್ರ ನಟ್ಟನಡುವ, ಏನದ? ರಸ. ಹಣ್ಣು ಹಿಂಡಿದ್ದೂ ಅದೇ. ಈಗ ಅದನ್ನ ಮುಂದುವರಿಸ್ತೀನಿ: 'ರಸ ತಿರುವಿದ್ರ ಕೊರಳಿಗೆ ಬರ್ತದ (2)'. ಒಲಿ ಮ್ಯಾಲೆ ಸೌಟು ಹಾಕಿ ತಿರುವೋದಲ್ಲ, ಅಕ್ಷರ ತಿರುವಿ ಹಾಕ್ರಿ. ಸರ! ಇನ್ನೊಂದು: 'ಹುಡುಕು, ರಾಜಾ! (3)'. ಯಾರೋ ಅವ್ವ ಮಗನಿಗೆ ಹುಡುಕ್ಲಿಕ್ಕೆ ಹೇಳಿದಂಗ ಕೇಳಸ್ತದ. ಆದ್ರ ಹುಡುಕು ಅಂದ್ರೂ 'ಅರಸು', ರಾಜಾ ಅಂದ್ರೂ 'ಅರಸು'. ಒಂದ ಶಬ್ದಕ್ಕ ಎರಡು ಅರ್ಥ, ಅಷ್ಟ.

ಇಂಗ್ಲಿಷಿನಾಗ ಇನ್ನೊಂದು ಆಟ ಭಾಳ ಆಡ್ತಾರ, ಅಕ್ಷರ ಕಲಸಿ ಹೊಸ ಶಬ್ದ ಮಾಡೋದು. ಕೇಳು ಅನ್ನೋದಕ್ಕ 'ಲಿಸನ್' ಅಂತಾರಲ್ಲ, ಅದನ್ನ ಬರಿಯೋದು ಎಲ್, ಐ, ಎಸ್, ಟಿ, ಇ, ಎನ್ ಅಂತ. ಇದೇ ಆರು ಅಕ್ಷರ ಕಲಸಿ ಬ್ಯಾರೆ ಸಾಲಿನಾಗ ಇಟ್ರ 'ಸೈಲೆಂಟ್' ಆಗ್ತದ. ಅಂದ್ರ ಮೌನ. ಈ ಜೋಡಿ ನೆನಪಿಟ್ಕೊಳ್ರಿ, ಮುಂದ ಬೇಕಾಗ್ತದ.

ಇಂಥಾ ಸುಳಿವಿನಾಗ ಒಂದು ಧರ್ಮ ಅದ. ಸಾಲಿನ ಒಂದು ತುದಿಗೆ ಶಬ್ದದ ಖರೆ ಅರ್ಥ ಇರ್ಲೇಬೇಕು. ಇನ್ನೊಂದು ತುದಿಗೆ ಅಕ್ಷರದ ಆಟ. ಪದಬಂಧ ಕಟ್ಟಾಂವ ನಮ್ಮನ್ನ ದಾರಿ ತಪ್ಪಿಸಬಹುದು, ಆದ್ರ ಸುಳ್ಳ ಹೇಳಂಗಿಲ್ಲ. ಆಫ್ರಿಟ್ ಅನ್ನೋ ಹೆಸರಿನಿಂದ ಪದಬಂಧ ಕಟ್ಟುತಿದ್ದ ಎ. ಎಫ್. ರಿಚಿ ಅನ್ನೋವರು 1949ರ ತಮ್ಮ ಪುಸ್ತಕದಾಗ ಈ ಧರ್ಮಾನ ಸ್ಪಷ್ಟ ಬರೆದಿಟ್ಟಾರ. ನಮ್ಮ ಮದುವಿ ಮನ್ಯಾಗ ಒಡಪು ಹಾಕಿ ಗಂಡನ ಹೆಸರು ಹೇಳೋದು ನೆನಸ್ಕೊಳ್ರಿ. ಬೆಳ್ಳಿ ಬಟ್ಟಲ ಅಂತೀವಿ, ಮಲ್ಲಿಗಿ ದಂಡಿ ಅಂತೀವಿ, ಸುತ್ತೀ ಸುತ್ತೀ ಕಡೀಕ ಹೆಸರು ಬಿಚ್ಚತೀವಿ. ಸುತ್ತಿದ್ದು ಸುಳ್ಳಲ್ಲ, ಕೇಳೋವರನ್ನ ಕಾಯಿಸೋ ಆಟ. ಇದೂ ಅದರ ದೂರದ ತಂಗೀನ ಅನ್ರಿ.

ಇದರ ಹುಟ್ಟು ಏನ ಭಾಳ ಹಳೇದಲ್ಲ. ಲಿವರ್‌ಪೂಲಿನಾಗ ಹುಟ್ಟಿ ಅಮೆರಿಕಾಕ್ಕ ಹೋದ ಆರ್ಥರ್ ವಿನ್ ಅನ್ನೋ ಪತ್ರಕರ್ತ 1913ರ ಡಿಸೆಂಬರ್ 21ಕ್ಕ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕಿ ಒಳಗ ಮೊದಲನೇ ಪದಬಂಧ ಹಾಕಿದ. ಅದು ಚೌಕ ಇರ್ಲಿಲ್ಲ, ನಮ್ಮ ಶಂಕರಪೋಳಿ ಆಕಾರದಾಗಿತ್ತು. 1924ರ ಹೊತ್ತಿಗೆ ಅಮೆರಿಕಾದ ಮಂದಿಗೆ ಇದರ ಹುಚ್ಚು ಹತ್ತಿತ್ತು. ಲಂಡನ್ನಿನ 'ಟೈಮ್ಸ್' ಪತ್ರಿಕಿ ಅಮೆರಿಕಾ ಇದರ ಗುಲಾಮ ಆಗ್ಯದ ಅಂತ ಅಣಕಿಸಿ ಬರೀತು. ಆದ್ರ ಅಣಕಿಸಿದ ಊಟ ತನ್ನ ತಾಟಿಗೇ ಬಂತು. 1925ರಾಗ 'ಡೇಲಿ ಟೆಲಿಗ್ರಾಫ್' ಪದಬಂಧ ಸುರು ಮಾಡ್ತು. 1930ರ ಫೆಬ್ರುವರಿ 1ಕ್ಕ 'ಟೈಮ್ಸ್' ಕೂಡ ಸುರು ಮಾಡ್ತು. ನಡುವ 1926ರಾಗ 'ಅಬ್ಸರ್ವರ್' ಪತ್ರಿಕಿಗೆ ಎಡ್ವರ್ಡ್ ಪೋಯಿಸ್ ಮ್ಯಾದರ್ಸ್ ಅನ್ನೋವರು ಬರೀ ಗೂಢ ಸುಳಿವಿನ ಪದಬಂಧ ಕಟ್ಟಲಿಕ್ಕೆ ಹತ್ತಿದ್ರು. ಅವರು ಇಟ್ಕೊಂಡ ಹೆಸರು ಟಾರ್ಕೆಮಾಡಾ. ಹಿಂದಕ ಸ್ಪೇನ್ ದೇಶದಾಗ ಧರ್ಮದ ಹೆಸರಿನಾಗ ಮಂದಿಗೆ ಚಿತ್ರಹಿಂಸಾ ಕೊಡಿಸಿದ ವಿಚಾರಣಾಧಿಕಾರಿ ಹೆಸರದು! ಬಿಡಿಸೋವರಿಗೆ ಏನ ಕಾದದ ಅನ್ನೋದು ಹೆಸರಿನಾಗ ಹೇಳಿಬಿಟ್ಟಾರ.

ಈಗ ಯುದ್ಧದ ಕಾಲಕ್ಕ ಬರೋಣು. 1941ರ ಕಡೀಕ 'ಟೆಲಿಗ್ರಾಫ್' ಪತ್ರಿಕಿಗೆ ಪತ್ರ ಬರ್ಲಿಕ್ಕೆ ಹತ್ತಿದವು, ನಿಮ್ಮ ಪದಬಂಧ ಭಾಳ ಸಸಾರ ಆಗ್ಯದ, ನಾವು ಇಷ್ಟ ನಿಮಿಷದಾಗ ಮುಗಿಸ್ತೀವಿ ಅಂತ. ಗೇವಿನ್ ಅನ್ನೋ ಒಬ್ಬ ಕ್ಲಬ್ ಅಧ್ಯಕ್ಷರು ಪಂಥ ಕಟ್ಟಿದ್ರು. ಎಲ್ಲಾರ ಮುಂದ ಕೂತು 12 ನಿಮಿಷದೊಳಗ ಯಾರರ ಬಿಡಿಸಿ ತೋರಿಸಿದ್ರ 100 ಪೌಂಡ್ ದಾನ ಕೊಡ್ತೀನಿ ಅಂತ. ಸಮುದ್ರದಾಗ ಶತ್ರುಗಳು ಹುದುಗಿಸಿಟ್ಟ ಬಾಂಬು ತೆಗಿಯೋ ನಾವಿಕರ ನಿಧಿಗೆ ಆ ದುಡ್ಡು. ಸರಿ, 1942ರ ಜನವರಿ 10, ಶನಿವಾರ ಮಧ್ಯಾಹ್ನ, ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ಪತ್ರಿಕಾ ಕಚೇರಿ ಒಳಗ ಪರೀಕ್ಷಾದಾಗ ಕೂಡಿಸಿದಂಗ ಎಲ್ಲಾರನ್ನೂ ಕೂಡಿಸಿದ್ರು. ಐದು ಮಂದಿ 12 ನಿಮಿಷದೊಳಗ ಮುಗಿಸಿದ್ರು. ಅವರೊಳಗ ಎಲ್ಲಾರಕಿಂತ ಲಗೂನ ಮುಗಿಸಿದಾಂವ ಒಂದು ಶಬ್ದದ ಕಾಗುಣಿತ ತಪ್ಪಿ ಸ್ಪರ್ಧಾದಿಂದ ಹೊರಗ ಬಿದ್ದ. ಅವಸರದಾಗ ಸಾರಿಗೆ ಎರಡು ಸರತೆ ಉಪ್ಪು ಬೀಳ್ತದಲ್ಲ, ಹಂಗ.

ಅವತ್ತ ಅಲ್ಲಿ ಸ್ಟಾನ್ಲಿ ಸೆಡ್ಜ್‌ವಿಕ್ ಅನ್ನೋ ಒಬ್ಬರು ಬಂದಿದ್ರು. ಲಂಡನ್ನಿನಾಗ ಲೆಕ್ಕಪತ್ರದ ಒಂದು ಕಂಪನಿ ಒಳಗ ಗುಮಾಸ್ತ. ದಿನಾ ರೈಲಿನಾಗ ಕೆಲಸಕ್ಕ ಹೋಗುವಾಗ ಪದಬಂಧ ಬಿಡಿಸ್ಕೋತ ಹೋಗಾಂವ. ಅವತ್ತ ಮುಂಜಾನೆ ರೈಲಿನಾಗ ಆ ದಿನದ್ದನ್ನ 12 ನಿಮಿಷದೊಳಗ ಮುಗಿಸಿದ್ರು. ಆದ್ರ ಸ್ಪರ್ಧಾದಾಗ ಗಂಟಿ ಹೊಡೆದಾಗ ಅವರದು ಒಂದ ಶಬ್ದ ಉಳಿದಿತ್ತು. ಸೋತು ಮನಿಗೆ ಹೋದ್ರು.

ಕೆಲವು ವಾರ ಆದ ಮ್ಯಾಲೆ ಅವರಿಗೆ 'ಗೋಪ್ಯ' ಅಂತ ಬರೆದ ಒಂದು ಪತ್ರ ಬಂತು. ನೀವು ಪದಬಂಧದ ಸ್ಪರ್ಧಾದಾಗ ಭಾಗವಹಿಸಿದ್ದು ತಿಳಿದದ, ರಾಷ್ಟ್ರಕ್ಕ ಮಹತ್ವದ ಒಂದು ವಿಷಯದ ಸಲುವಾಗಿ ಸೈನ್ಯದ ಕರ್ನಲ್ ನಿಕೋಲ್ಸ್ ಅವರನ್ನ ಬಂದು ಕಾಣ್ರಿ ಅಂತ. ವಿಚಾರ ಮಾಡ್ರಿ. ಪದಬಂಧ ಪೂರ್ತಿ ಮಾಡ್ಲಿಕ್ಕೆ ಆಗದಾವರಿಗೂ ಪತ್ರ ಬಂತು. ಗೆದ್ದವರು ಯಾರು ಅನ್ನೋದು ಸರ್ಕಾರಕ್ಕ ಮುಖ್ಯ ಆಗಿರ್ಲಿಲ್ಲ. ಮಾತಿನ ಮ್ಯಾಲಿನ ಅರ್ಥಕ್ಕ ಮರುಳಾಗದ, ಒಳಗಿನ ಅಕ್ಷರ ನೋಡೋ ಕಣ್ಣು ಅವರಿಗೆ ಬೇಕಾಗಿತ್ತು.

ಸೆಡ್ಜ್‌ವಿಕ್ ಹೋಗಿ ಸೇರಿದ ಊರು ಬ್ಲೆಚ್ಲಿ. ಲಂಡನ್ನಿಂದ ಸುಮಾರು 80 ಕಿಲೋಮೀಟರ್. ಅಲ್ಲಿ ಒಂದು ದೊಡ್ಡ ಹಳೇ ಬಂಗಲೆ, ಸುತ್ತ ಕಟಗಿ ಶೆಡ್ಡು. ಹೊರಗಿನವರಿಗೆ ಅದು ಯಾವುದೋ ಸರ್ಕಾರಿ ಕಚೇರಿ. ಒಳಗ ಜರ್ಮನಿ, ಇಟಲಿ, ಜಪಾನದ ಗುಪ್ತ ಸಂದೇಶ ಒಡಿಯೋ ಕೆಲಸ. ಸೆಡ್ಜ್‌ವಿಕ್‌ಗೆ ಸಿಕ್ಕಿದ್ದು ಜರ್ಮನ್ ಹವಾಮಾನದ ಸಂಕೇತ ಬಿಡಿಸೋ ಕೆಲಸ.

ಜರ್ಮನ್ನರ ಮುಖ್ಯ ಯಂತ್ರದ ಹೆಸರು ಎನಿಗ್ಮಾ. ಹೆಸರಿನ ಅರ್ಥಾನ ಒಗಟು! ನೋಡ್ಲಿಕ್ಕೆ ಟೈಪ್‌ರೈಟರ್ ಇದ್ದಂಗ. ಒಂದು ಅಕ್ಷರ ಒತ್ತಿದ್ರ ಬ್ಯಾರೆ ಅಕ್ಷರದ ದೀಪ ಹತ್ತತದ. ಒಳಗಿನ ಗಾಲಿ ಪ್ರತಿ ಸಲ ತಿರುಗೋದ್ರಿಂದ ಅದೇ ಅಕ್ಷರ ಮತ್ತ ಒತ್ತಿದ್ರ ಇನ್ನೊಂದು ದೀಪ ಹತ್ತತದ. ಸೈನ್ಯದ ಯಂತ್ರಾನ ಎಷ್ಟು ತರಹ ಜೋಡಿಸಬಹುದು ಅಂದ್ರ, 159 ಬರೆದು ಮುಂದ 18 ಸೊನ್ನಿ ಇಡ್ರಿ, ಹತ್ತಿರ ಹತ್ತಿರ ಅಷ್ಟು. ಮತ್ತ ಆ ಜೋಡಣಿ ದಿನಾ ಬದಲಾಗ್ತಿತ್ತು. ಇವತ್ತ ರಾತ್ರಿ ತನಕ ಬಿಡಿಸ್ಲಿಲ್ಲಂದ್ರ ನಾಳೆ ಮತ್ತ ಮೊದಲಿಂದ. ಪೋಲಂಡಿನ ಮೂವರು ಗಣಿತ ಪಂಡಿತರು 1932ರಿಂದ ಇದನ್ನ ಒಡಿಯೋ ದಾರಿ ಹುಡುಕಿ, ಯುದ್ಧ ಸುರು ಆಗೋ ಮೊದಲ ಇಂಗ್ಲೆಂಡಿಗೆ ಕಲಿಸಿದ್ರು. ಆ ಉಪಕಾರ ಮರಿಬಾರದು.

ಇಷ್ಟು ದೊಡ್ಡ ಲೆಕ್ಕಾನ ಒಡಿಯೋದು ಹ್ಯಾಂಗ? ಇಲ್ಲೇ ಪದಬಂಧ ಬರ್ತದ. ನಮ್ಮ ಅಜ್ಜಂದಿರು ಪತ್ರ ಬರೆದ್ರ ಹ್ಯಾಂಗ ಸುರು ಮಾಡ್ತಿದ್ರು? 'ಉಭಯ ಕುಶಲೋಪರಿ' ಅಂತ. ಯಾರ ಪತ್ರ ಆದ್ರೂ, ಹುಟ್ಟಿದ ಸುದ್ದಿ ಆದ್ರೂ, ಹೊಲದ ಜಗಳ ಆದ್ರೂ ಸುರುವಾತು ಅದೇ. ಅಂಥಾ ಪತ್ರಾನ ಯಾರೋ ಗುಪ್ತಲಿಪಿ ಒಳಗ ಬರೆದ್ರು ಅಂತ ತಿಳ್ಕೊಳ್ರಿ. ನಮಗ ಲಿಪಿ ಬರ್ಲಿಕ್ಕಿಲ್ಲ, ಆದ್ರ ಮೊದಲ ಎರಡು ಶಬ್ದ ಏನಿರಬೇಕು ಅನ್ನೋದು ಗೊತ್ತದ. ಅಲ್ಲಿಂದ ಎಳೆ ಹಿಡಕೊಂಡು ಹೋಗಬಹುದು. ಜರ್ಮನ್ನರ ಸಂದೇಶದಾಗೂ ಹಂಗ. ಹವಾಮಾನದ ವರದಿ ಇದ್ರ ಹವಾಮಾನ ಅನ್ನೋ ಶಬ್ದ ಇದ್ದೇ ಇರ್ತದ. ಅಧಿಕಾರಿಗಳ ಹುದ್ದೆಗಳ ಹೆಸರು ಬಂದೇ ಬರ್ತಾವ. ಹಿಂಗ ಊಹಿಸಿದ ಶಬ್ದಾನ ಸಂದೇಶದ ಕೆಳಗ ಇಟ್ಟು, ಒಂದೊಂದ ಮನಿ ಸರಿಸ್ಕೋತ ಹೋಗ್ತಿದ್ರು.

ಎಲ್ಲಿ ಕೂಡ್ತದ ಅನ್ನೋದು ಹ್ಯಾಂಗ ಗೊತ್ತಾಗ್ಬೇಕು? ಎನಿಗ್ಮಾದಾಗ ಒಂದು ದೋಷ ಇತ್ತು. ಯಾವ ಅಕ್ಷರಾನೂ ತಾನ ತಾನಾಗಿ ಬರ್ತಿದ್ದಿಲ್ಲ. ಎ ಒತ್ತಿದ್ರ ಬ್ಯಾರೆ ಯಾವುದರ ಬರ್ತದ, ಎ ಮಾತ್ರ ಬರೂದಿಲ್ಲ. ಹಂಗಾಗಿ ಊಹಿಸಿದ ಶಬ್ದದ ಅಕ್ಷರ ಮ್ಯಾಲಿನ ಸಾಲಿನ ಅದೇ ಅಕ್ಷರದ ಕೆಳಗ ಬಂತಂದ್ರ ಆ ಜಾಗಾ ತಪ್ಪು, ಮುಂದ ಸರಿ. ಅಡ್ಡ ಶಬ್ದ ಉದ್ದ ಶಬ್ದಕ್ಕ ಕೂಡ್ಲಿಲ್ಲಂದ್ರ ನಾವು ರಬ್ಬರ್ ತಗೊಂಡು ಅಳಿಸ್ತೀವಲ್ಲ, ಅದೇ ಕೆಲಸ.

ಈಗ ನಾ ಖರೇವಂದ್ರ ಹೇಳಬೇಕಂತಿದ್ದ ಮಾತಿಗೆ ಬಂದೆ. ಇಂಥಾ ಕೆಲಸ ಮಾಡಿದವರು ಯಾರು? ಸಿನೆಮಾದಾಗ ತೋರಿಸೋದು ಗಂಡಸರನ್ನ. ಆದ್ರ 1945ರ ಸುರುವಾತಿಗೆ ಬ್ಲೆಚ್ಲಿ ಮತ್ತ ಅದರ ಶಾಖಾದೊಳಗ ಸುಮಾರು 9,000 ಮಂದಿ ಇದ್ರು, ಅದರಾಗ ನಾಲ್ಕರಾಗ ಮೂರು ಪಾಲು ಹೆಣ್ಮಕ್ಕಳು. ಹೆಚ್ಚಿನವರು ಇಪ್ಪತ್ತರ ಆಜೂಬಾಜು ವಯಸ್ಸಿನವರು.

ಮೇವಿಸ್ ಲೀವರ್ ಅನ್ನೋ ಹುಡುಗಿ ಅವರೊಳಗ ಒಬ್ಬಾಕಿ. 1921ರಾಗ ಹುಟ್ಟಿದಾಕಿ. ಕಾಲೇಜಿನಾಗ ಜರ್ಮನ್ ಭಾಷಾ ಓದುತಿದ್ಲು. 19ನೇ ವಯಸ್ಸಿಗೆ ಬ್ಲೆಚ್ಲಿಗೆ ಬಂದ್ಲು. ಆಕಿ ಮುಖ್ಯಸ್ಥ ಡಿಲ್ಲಿ ನಾಕ್ಸ್, ಹಳೇ ಗ್ರೀಕ್ ಭಾಷಾದ ದೊಡ್ಡ ಪಂಡಿತ. ಅವರು ಹುಡುಗ್ಯಾರಿಗೆ ಒಂದು ಪ್ರಶ್ನೆ ಕೇಳ್ತಿದ್ರಂತ, ಗಡಿಯಾರದ ಮುಳ್ಳು ಯಾವ ಕಡೆ ತಿರುಗ್ತಾವ ಅಂತ. ಎಲ್ಲಾರೂ ಎಡದಿಂದ ಬಲಕ್ಕ ಅಂತಿದ್ರು. ಅದಕ್ಕ ಅವರು, ನೋಡೋವರಿಗೆ ಹಂಗ, ಆದ್ರ ನೀವ ಗಡಿಯಾರ ಆಗಿದ್ರ? ಅಂತಿದ್ರಂತ. ಸರಸಮ್ಮನ ಹೊಟ್ಟಿ ಸುಳಿವು ಬಿಡಿಸೋದೂ ಇದೇ ಅಲ್ಲೇನ್ರಿ? ಹೊರಗ ನಿಂತು ನೋಡಬ್ಯಾಡ, ಒಳಗ ಹೋಗಿ ನೋಡು.

ಇಟಲಿ ನೌಕಾಪಡೆ ಸಂದೇಶ ಹೆಚ್ಚಾಗಿ 'ಪೆರ್' ಅಂತ ಸುರು ಆಗ್ತಾವ, ಅಂದ್ರ 'ಇಂಥವರಿಗೆ' ಅಂತ, ಅದರ ಮುಂದ ಖಾಲಿ ಜಾಗಾದ ಬದಲಿ ಎಕ್ಸ್ ಇರ್ತದ ಅಂತ ನಾಕ್ಸ್ ಊಹಿಸಿದ್ರು. ಹುಡುಗ್ಯಾರು ದಿನಾ ಪಿ, ಇ, ಆರ್, ಎಕ್ಸ್ ಇಟ್ಟು ನೋಡ್ತಿದ್ರು. ಒಂದು ರಾತ್ರಿ ಮೇವಿಸ್‌ಗೆ ಮೂರು ಅಕ್ಷರ ಸರಿ ಬಂದವು, ನಾಲ್ಕನೇದು ಎಕ್ಸ್ ಬದಲಿ ಎಸ್ ಬಂತು. ಬ್ಯಾರೆಯವರಾಗಿದ್ರ ತಪ್ಪಾತು ಅಂತ ಹಾಳಿ ಮಡಚಿ ಇಡ್ತಿದ್ರು. ಆಕಿ ಹಂಗ ಮಾಡ್ಲಿಲ್ಲ. ಎಕ್ಸ್ ಅಲ್ಲ, ಎಸ್ ಖರೆ ಇದ್ರ ಶಬ್ದ ಯಾವುದಾಗಬಹುದು ಅಂತ ವಿಚಾರ ಮಾಡಿದ್ಲು. 'ಪೆರ್ಸೊನಾಲೆ', ಅಂದ್ರ 'ವೈಯಕ್ತಿಕ'. ಇಟ್ಟು ನೋಡಿದ್ಲು, ಕೂಡ್ತು. ಕೀಲಿ ತೆರೀತು.

ಇನ್ನೊಂದು ಸಲ ಒಂದು ಉದ್ದನ್ನ ಸಂದೇಶ ಬಂತು. ಮೇವಿಸ್ ಅದನ್ನ ನೋಡ್ಕೋತ ಕೂತಾಗ, ಇದರಾಗ ಏನೋ ಇಲ್ಲ ಅನಿಸ್ತು. ಇಡೀ ಸಂದೇಶದಾಗ ಎಲ್ ಅಕ್ಷರ ಒಂದೂ ಇರ್ಲಿಲ್ಲ. ಅರಿಷಿಣ-ಕುಂಕುಮಕ್ಕ ಐವತ್ತು ಮಂದಿ ಬಂದ್ರೂ, ಯಾರು ಬರ್ಲಿಲ್ಲ ಅನ್ನೋದು ನಮಗ ಮೊದಲ ಕಣ್ಣಿಗೆ ಬೀಳ್ತದಲ್ಲ, ಹಂಗ. ಯಾಕ ಎಲ್ ಇಲ್ಲ? ಯಾವ ಅಕ್ಷರಾನೂ ತಾನ ತಾನಾಗಿ ಬರೂದಿಲ್ಲ ಅಂದಮ್ಯಾಲೆ, ಕಳಿಸಿದಾಂವ ಬರೇ ಎಲ್ ಒಂದನ್ನ ಒತ್ತ್ಯಾನ! ಪರೀಕ್ಷಾದ ಸಂದೇಶ ಕಳಿಸಪಾ ಅಂತ ಹೇಳಿದ್ರ, ಮೈಗಳ್ಳ ಒಂದ ಕೀಲಿ ಒತ್ತಿ ಕೂತಾನ. ಅವನ ಆ ಮೈಗಳ್ಳತನದಿಂದ ಯಂತ್ರದ ಗಾಲಿ ಒಳಗಿನ ತಂತಿ ಜೋಡಣಿ ಇವರಿಗೆ ಸಿಕ್ತು.

1941ರ ಮಾರ್ಚ್ ತಿಂಗಳ ಕಡೀಕ ಆಕಿ ಒಡೆದ ಒಂದು ಸಣ್ಣ ಸಂದೇಶದಾಗ, ಇನ್ನ ಮೂರು ದಿನ ಉಳಿದಾವ ಅನ್ನೋ ಅರ್ಥದ ಮಾತಿತ್ತು. ಏನಕ್ಕ ಮೂರು ದಿನ? ಮೇವಿಸ್ ಮತ್ತ ಆಕಿ ಸಂಗತಿಯವರು ಮೂರು ದಿನ ಹಗಲಿ ರಾತ್ರಿ ಕೂತ್ರು. ಇಟಲಿ ಹಡಗು ಎಲ್ಲಿ, ಯಾವಾಗ, ಎಷ್ಟು ಬರ್ತಾವ ಅನ್ನೋ ದೊಡ್ಡ ಸಂದೇಶ ಒಡೀತು. ಗ್ರೀಸ್ ದೇಶದ ಮಟಾಪಾನ್ ಭೂಶಿರದ ಹತ್ತಿರ ಬ್ರಿಟಿಷ್ ನೌಕಾಪಡೆ ಕಾದು ಹೊಡೀತು. ಇಟಲಿದು 3 ದೊಡ್ಡ ಯುದ್ಧನೌಕಾ, 2 ಸಣ್ಣವು ಮುಳುಗಿದವು. ಅಡ್ಮಿರಲ್ ಕನಿಂಗ್‌ಹ್ಯಾಮ್ ಸ್ವತಃ ಬ್ಲೆಚ್ಲಿಗೆ ಬಂದು ನಾಕ್ಸ್‌ಗೂ ಆ ಹುಡುಗ್ಯಾರಿಗೂ ಕೃತಜ್ಞತಾ ಹೇಳಿದ್ರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ರಾತ್ರಿ ಇಟಲಿ ನಾವಿಕರು 2,000ಕ್ಕೂ ಹೆಚ್ಚು ಮಂದಿ ಸತ್ರು. ಅವರೂ ಯಾರೋ ಅವ್ವಂದಿರ ಮಕ್ಕಳು. ಪದಬಂಧದಾಗ ಉತ್ತರ ಸಿಕ್ಕರ ಚಹಾ ಕುಡೀತೀವಿ. ಅಲ್ಲಿ ಉತ್ತರ ಸಿಕ್ಕರ ಒಂದು ಕಡೆಯ ಹಡಗು ಉಳೀತಾವ, ಇನ್ನೊಂದು ಕಡೆಯವು ಮುಳುಗ್ತಾವ. 19 ವರ್ಷದ ಹುಡುಗಿ ಪೆನ್ಸಿಲ್ ತುದಿಗೆ ಇಷ್ಟು ಭಾರ ಇತ್ತು.

ಜೋನ್ ಕ್ಲಾರ್ಕ್ ಅನ್ನೋ ಇನ್ನೊಬ್ಬಾಕಿ ಕೇಂಬ್ರಿಜಿನಾಗ ಗಣಿತದಾಗ ಮೊದಲ ದರ್ಜೆ. ಆದ್ರ ಆಗ ಆ ವಿದ್ಯಾಪೀಠ ಹೆಣ್ಮಕ್ಕಳಿಗೆ ಪೂರ್ತಿ ಪದವಿ ಕೊಡ್ತಿದ್ದಿಲ್ಲ, ಕೊಟ್ಟದ್ದು 1948ರಿಂದ. 1940ರಾಗ ಬ್ಲೆಚ್ಲಿಗೆ ಬಂದಾಗ ಮೊದಲ ಗುಮಾಸ್ತಿ ಕೆಲಸಕ್ಕ ಕೂಡಿಸಿದ್ರು. ಕೆಲವೇ ದಿನದಾಗ ಆಲನ್ ಟ್ಯೂರಿಂಗ್ ಇದ್ದ ತಂಡದಾಗ ಆಕಿಗೆ ಒಂದು ಮೇಜು ಸಿಕ್ತು. ಜರ್ಮನ್ ಜಲಾಂತರ್ಗಾಮಿಗಳ ಸಂದೇಶ ಒಡಿಯೋ ತಂಡ ಅದು. ಪಗಾರ ಹೆಚ್ಚು ಮಾಡಬೇಕಂದ್ರ ಹೆಣ್ಮಕ್ಕಳಿಗೆ ಸರಿಯಾದ ಹುದ್ದೆ ಇಲ್ಲ! ಅದಕ್ಕ ಕಾಗದದ ಮ್ಯಾಲೆ 'ಭಾಷಾತಜ್ಞೆ' ಅಂತ ಮಾಡಿದ್ರು. ಆಕಿಗೆ ಇಂಗ್ಲಿಷ್ ಬಿಟ್ರ ಬ್ಯಾರೆ ಭಾಷಾ ಬರ್ತಿದ್ದಿಲ್ಲ. ಅರ್ಜಿ ತುಂಬುವಾಗ ಹುದ್ದೆ ಭಾಷಾತಜ್ಞೆ, ಬರೋ ಭಾಷಾ ಯಾವುದೂ ಇಲ್ಲ ಅಂತ ಬರಿಯೋದು ಆಕಿಗೆ ಭಾಳ ಮೋಜು ಅನಿಸ್ತಿತ್ತಂತ. ಟ್ಯೂರಿಂಗ್ ಜೋಡಿ 1941ರಾಗ ಮದುವಿ ನಿಶ್ಚಯ ಆಗಿ ಮುರೀತು, ಗೆಳೆತನ ಮುರೀಲಿಲ್ಲ. 1944ರಾಗ ಆ ತಂಡದ ಉಪಮುಖ್ಯಸ್ಥೆ ಆದ್ಲು.

ಇವರು ಹೆಸರು ಉಳಿದವರು. ಹೆಸರು ಉಳಿಯದವರು ಸಾವಿರಾರು. ಟ್ಯೂರಿಂಗ್ ರಚಿಸಿದ 'ಬಾಂಬ್' ಅನ್ನೋ ದೊಡ್ಡ ಯಂತ್ರ, ಎನಿಗ್ಮಾ ಜೋಡಣಿ ಒಂದೊಂದಾಗಿ ಪರೀಕ್ಷಾ ಮಾಡೋದು, ಅದನ್ನ ನಡಿಸಿದವರು ನೌಕಾಪಡೆ ಹುಡುಗ್ಯಾರು. ಹಗಲಿ ರಾತ್ರಿ ಪಾಳಿ. ಗಡಗಡ ಸಪ್ಪಳ, ಎಣ್ಣಿ ವಾಸನಿ, ತಾಸಗಟ್ಟಲೆ ನಿಂತ ಕೆಲಸ. ಯಾವ ಅಕ್ಷರ ಯಾವುದಕ್ಕ ಜೋಡಿಸಬೇಕು ಅಂತ ಅವರ ಕೈಗೆ ಕೊಡ್ತಿದ್ದ ನಕ್ಷಾಕ್ಕ 'ಮೆನು' ಅಂತ ಹೆಸರು! ಹೋಟೆಲಿನ ಮೆನು ಅಲ್ರಿ, ಅಕ್ಷರದ ಮೆನು. ಇನ್ನ ಕೆಲವರು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಗಾಳಿ ಒಳಗ ಬರೋ ಮೋರ್ಸ್ ಸಪ್ಪಳ ಕೇಳಿ ಕೇಳಿ ಬರ್ಕೊಂಡವರು. ಒಂದು ಅಕ್ಷರ ತಪ್ಪಿದ್ರ ಅತ್ಲಾಗ ಬಿಡಿಸೋವರ ಲೆಕ್ಕ ಎಲ್ಲಾ ಕೆಡ್ತದ.

ಬ್ಲೆಚ್ಲಿಗೆ ಕಾಲಿಟ್ಟ ದಿನಾನ ಎಲ್ಲಾರ ಕಡೆ ಗೋಪ್ಯದ ಕಾಗದಕ್ಕ ಸಹಿ ಮಾಡಿಸ್ಕೋತಿದ್ರು. ಇಲ್ಲಿ ಮಾಡಿದ್ದು ಎಲ್ಲೂ ಆಡಂಗಿಲ್ಲ. ಬಾಜೂ ಶೆಡ್ಡಿನಾಕಿ ಏನ ಮಾಡ್ತಾಳ ಅಂತ ಕೇಳಂಗಿಲ್ಲ. ಮನ್ಯಾಗ ಅವ್ವ-ಅಪ್ಪಗ ಹೇಳಂಗಿಲ್ಲ.

ಗಪ್ಪ ಇರೋದು ಎಷ್ಟು ಕಠಿಣ ಅನ್ನೋದಕ್ಕ ಅದೇ 'ಟೆಲಿಗ್ರಾಫ್' ಪದಬಂಧದ ಇನ್ನೊಂದು ಕಥಿ ಅದ. 1944ರ ಜೂನ್ 6ಕ್ಕ ಮಿತ್ರಪಡೆಗಳು ಫ್ರಾನ್ಸಿನ ದಂಡಿಗೆ ಇಳಿಯೋದಿತ್ತು. ಅದರ ಗುಪ್ತ ಹೆಸರುಗಳು ಮೇ 2ರಿಂದ ಜೂನ್ 1ರೊಳಗ ಒಂದೊಂದಾಗಿ ಪದಬಂಧದ ಉತ್ತರ ಆಗಿ ಬಂದವು: ಯೂಟಾ, ಒಮಾಹಾ, ಓವರ್‌ಲಾರ್ಡ್, ಮಲ್ಬೆರಿ, ನೆಪ್ಚೂನ್. ಗುಪ್ತಚರ ಇಲಾಖೆಯವರ ಎದಿ ಒಡೀತು. ಪದಬಂಧ ಕಟ್ಟಿದ ಲೆನರ್ಡ್ ಡಾ ಅನ್ನೋ ಹೆಡ್‌ಮಾಸ್ತರರನ್ನ ಹಿಡಿದು ವಿಚಾರಣಿ ಮಾಡಿದ್ರು. ಅವರಿಗೆ ಏನೂ ಗೊತ್ತಿದ್ದಿಲ್ಲ, ಬಿಟ್ಟು ಕಳಿಸಿದ್ರು. 40 ವರ್ಷ ಆದ ಮ್ಯಾಲೆ, 1984ರಾಗ, ಅವರ ಸಾಲಿ ಹಳೇ ವಿದ್ಯಾರ್ಥಿ ಒಬ್ಬಾಂವ ಬಾಯಿ ಬಿಟ್ಟ. ಮಾಸ್ತರರು ಖಾಲಿ ಚೌಕದಾಗ ಶಬ್ದ ತುಂಬ್ರಿ ಅಂತ ಹುಡುಗರಿಗೆ ಕೊಡ್ತಿದ್ರು, ಹತ್ತಿರದ ಸೈನಿಕರ ಬಾಯಿಂದ ಕೇಳಿದ ಶಬ್ದ ನಾವ ಹಾಕಿದ್ವಿ ಅಂತ. ಅವನ ಮಾತು ಖರೆ ಇದ್ರ, ಸೈನಿಕರ ಬಾಯಿಂದ ಹುಡುಗರ ಕಿವಿಗೆ, ಹುಡುಗರಿಂದ ಪೇಪರಿಗೆ ಬಂದ ಗುಟ್ಟದು.

ಆದ್ರ ಬ್ಲೆಚ್ಲಿಯಿಂದ? ಜರ್ಮನ್ನರಿಗೆ ಸುಳಿವು ಹತ್ತಲಿಲ್ಲ. ಯುದ್ಧ ಮುಗೀತು. ಹುಡುಗ್ಯಾರು ಮನಿಗೆ ಹೋದ್ರು, ಮದುವಿ ಆದ್ರು, ಮಕ್ಕಳನ್ನ ಹಡೆದ್ರು. ಯುದ್ಧದಾಗ ಏನ ಮಾಡಿದಿ ಅಂತ ಯಾರರ ಕೇಳಿದ್ರ, ಏನಿಲ್ಲ, ಕಚೇರಿ ಕೆಲಸ ಮಾಡಿದೆ ಅಂತಿದ್ರು. ಗಂಡಗ ಹೇಳ್ಲಿಲ್ಲ, ಮಕ್ಕಳಿಗೆ ಹೇಳ್ಲಿಲ್ಲ. ಚರ್ಚಿಲ್ ಅವರನ್ನ, ಬಂಗಾರದ ತತ್ತಿ ಇಟ್ಟೂ ಸದ್ದು ಮಾಡದ ಬಾತುಗಳು ಅಂತಿದ್ರಂತ. 1974ರಾಗ ವಿಂಟರ್‌ಬಾಥಮ್ ಅನ್ನೋವರ ಪುಸ್ತಕ ಬಂದ ಮ್ಯಾಲೆ ಜಗತ್ತಿಗೆ ಗುಟ್ಟು ತಿಳೀತು. ಅಷ್ಟೊತ್ತಿಗೆ ಸುಮಾರು 30 ವರ್ಷ ಆಗಿತ್ತು. ಎಷ್ಟೋ ಮಂದಿ ಅವ್ವ-ಅಪ್ಪ ತಮ್ಮ ಮಗಳು ಏನ ಮಾಡಿದ್ಲು ಅನ್ನೋದು ತಿಳೀದ ಕಣ್ಣು ಮುಚ್ಚಿದ್ರು. ನನಗ ಈ ಕಥ್ಯಾಗ ಎಲ್ಲಾಕ್ಕಿಂತ ಸಂಕಟ ಆಗೋದು ಇಲ್ಲೇ.

ಮೇವಿಸ್ 1942ರಾಗ ಕೀತ್ ಬೇಟಿ ಅನ್ನೋವರನ್ನ ಮದುವಿ ಆದ್ಲು. ಅವರೂ ಬ್ಲೆಚ್ಲಿಯವರೇ, ಬ್ಯಾರೆ ಶೆಡ್ಡಿನವರು. ಮುಂದ ಮಕ್ಕಳು ದೊಡ್ಡವರಾಗೋತನ ಮನಿ ನಡಿಸಿ, ಹಳೇ ಕಾಲದ ಉದ್ಯಾನಗಳ ಇತಿಹಾಸ ಬರಿಯೋಕೆ ಕೂತ್ಲು. 1987ರಾಗ ಆಕಿಗೆ ಸರ್ಕಾರ ಎಂಬಿಇ ಗೌರವ ಕೊಟ್ಟದ್ದು ಹಳೇ ಉದ್ಯಾನ ಉಳಿಸಿದ್ದಕ್ಕ. ಸಂಕೇತ ಒಡೆದದ್ದಕ್ಕಲ್ಲ! ಬ್ಲೆಚ್ಲಿಯವರಿಗೆ ಅಂತ ಸರ್ಕಾರ ಒಂದು ಬಿಲ್ಲೆ ಕೊಡ್ಲಿಕ್ಕೆ ಸುರು ಮಾಡಿದ್ದು 2009ರಾಗ. ಯುದ್ಧ ಮುಗಿದು 64 ವರ್ಷಕ್ಕ. ಅದನ್ನ ಎದಿಗೆ ಚುಚ್ಚಿಕೊಳ್ಳಲಿಕ್ಕೆ ಉಳಿದವರಾದ್ರೂ ಎಷ್ಟು ಮಂದಿ? ಮೇವಿಸ್ 2013ರಾಗ ತೀರಿಕೊಂಡ್ಲು.

ಲಿಸನ್, ಸೈಲೆಂಟ್. ಮೊದಲ ಹೇಳಿದ್ದೆನಲ್ಲ, ಅದೇ ಆರು ಅಕ್ಷರ. ಕೇಳಿದವರೂ ಅವರೇ, ಮೌನ ಇದ್ದವರೂ ಅವರೇ.

ವೈನಿ, ಪದಬಂಧದಿಂದ ಪಾವು ಸಕ್ಕರಿ ಬರೂದಿಲ್ಲ, ಅದು ಖರೆ. ನಾ ಏನ ಯಾವ ದೇಶಾನೂ ಉಳಿಸಂಗಿಲ್ಲ. ಆದ್ರ ನೀವು ಅಕ್ಕಿ ಆರಿಸುವಾಗ ಮರದ ತುಂಬ ಬಿಳೇದು ಇದ್ರೂ ಬಿಳೇ ಹಳ್ಳ ನಿಮ್ಮ ಕಣ್ಣಿಂದ ತಪ್ಪಿಸಿಕೊಳ್ಳೂದಿಲ್ಲಲ್ಲ, ಸೊಸಿ ಆರಾಮ ಇದ್ದೀನಿ ಅಂದ್ರೂ ಆ ಮಾತಿನ ಒಳಗ ಇನ್ನೊಂದು ಮಾತು ನಿಮಗ ಕೇಳಸ್ತದಲ್ಲ, ಅದೇ ಕಣ್ಣು, ಅದೇ ಕಿವಿ ಅವತ್ತ ಆ ಶೆಡ್ಡಿನಾಗ ಕೆಲಸ ಮಾಡಿದ್ದು. ಅದಕ್ಕ ಬೆಲಿ ಕಟ್ಟೋವರು ಒಮ್ಮೆ ಬಂದಿದ್ರು, ಅಷ್ಟ.

ಉಳಿದಿದ್ದ ಆ ಒಂದು ಶಬ್ದ ನನಗ ಇನ್ನೂ ಸಿಕ್ಕಿಲ್ಲ. ಹಾಳಿ ಮಡಚಿ ಅಡಗಿ ಮನಿ ಡಬ್ಬಿ ಕೆಳಗ ಇಟ್ಟೀನಿ. ಅಲ್ಲೀತನಕ ನಿಮಗ ಒಂದು ಕೊಡ್ತೀನಿ, ನಾನ ಕಟ್ಟಿದ್ದು: 'ಸಮರದ ತಲಿ ಹಾರಿಸಿದ್ರ ನೆರಳು ಕೊಡ್ತದ (2)'. ಯಾರೂ ಫೋನ್ ಮಾಡಿ ಉತ್ತರ ಕೇಳಬ್ಯಾಡ್ರಿ. ಶುಕ್ರವಾರ ಅರಿಷಿಣ-ಕುಂಕುಮಕ್ಕ ಬಂದಾಗ ನನ್ನ ಕಿವ್ಯಾಗ ಹೇಳ್ರಿ. ಬಾಜೂದಾಕಿಗೆ ಕೇಳಸಬಾರದು ನೋಡ್ರಿ ಮತ್ತ.